ಎದೆ ಉಬ್ಬಿಸಿ ನಿಂತರೆ ಲಾಗಿನ್ ಬರಲ್ಲ

ಬೆಳಿಗ್ಗೆಯಿಂದ ತಲೆ ಬಿಸಿಯಾಗಿದೆ, ಬರೆಯದಿದ್ದರೆ ಇಳಿಯೋದಿಲ್ಲ. ಇಂಟರ್ನ್‌ಶಿಪ್‌ಗೆ ಹೊರಟ ವಿದ್ಯಾರ್ಥಿಗಳಿಗೊಂದು ಕಾರ್ಯಕ್ರಮ ಇತ್ತು, ನನ್ನನ್ನೂ ಕರೆದಿದ್ದರು. (ಇಂಟರ್ನ್‌ಗಳನ್ನು ಮೇಯಿಸೋದೇ ನನ್ನ ಕಸುಬು ಅಂತ ನಿಮಗೆ ಗೊತ್ತಲ್ಲ.) ನನಗಿಂತ ಮುಂಚೆ ಮಾತಾಡಿದ ಮಹಾನುಭಾವರು ಮಕ್ಕಳನ್ನೆಲ್ಲ ಎಬ್ಬಿಸಿ, ಸೊಂಟದ ಮೇಲೆ ಕೈ ಇಡಿಸಿ, ಎದೆ ಉಬ್ಬಿಸೋಕೆ ಹೇಳಿ, "ನಾನು ರೆಡಿ!" ಅಂತ ಕೂಗಿಸಿದರು. ಹೀಗೆ ಸ್ವಲ್ಪ ಹೊತ್ತು ನಿಂತರೆ ದೇಹದ ಹಾರ್ಮೋನೇ ಬದಲಾಗುತ್ತಂತೆ. ಹಿಂದಿನ ಸಾಲಿನ ಒಬ್ಬ ಹುಡುಗಿಗೆ ಕೈ ಎಲ್ಲಿಡಬೇಕು ಅಂತಲೇ ತೋಚಲಿಲ್ಲ, ಪಾಪ. ಎಲ್ಲ ಮುಗಿದ ಮೇಲೆ ಮೆತ್ತಗೆ ಬಂದು ಕೇಳಿದಳು: "ಮೇಡಂ, ಮೊದಲನೇ ದಿನ ಒಳಗೆ ಹೋಗಿ ಯಾರನ್ನ ಕೇಳ್ಬೇಕು?"

ಅಷ್ಟು ಹೊತ್ತಿನ ಭಾಷಣದಲ್ಲಿ ಇದಕ್ಕೆ ಉತ್ತರ ಇರಲಿಲ್ಲ!

ಆ ಹಾರ್ಮೋನಿನ ಕಥೆಯನ್ನೂ ಹೇಳಿಬಿಡ್ತೀನಿ. 2010ರಲ್ಲಿ ಡಾನಾ ಕಾರ್ನಿ, ಏಮಿ ಕಡ್ಡಿ, ಆಂಡಿ ಯಾಪ್ ಅನ್ನೋ ಮೂವರು ಸಂಶೋಧಕರು 42 ಜನರ ಮೇಲೆ ಮಾಡಿದ ಪ್ರಯೋಗ ಅದು. 2015ರಲ್ಲಿ ಬೇರೆಯವರು 200 ಜನರನ್ನಿಟ್ಟುಕೊಂಡು ಮತ್ತೆ ಮಾಡಿ ನೋಡಿದರು. ಹಾರ್ಮೋನೂ ಅಲ್ಲಾಡಲಿಲ್ಲ, ನಡವಳಿಕೆಯೂ ಬದಲಾಗಲಿಲ್ಲ. ಏನೋ ಶಕ್ತಿ ಬಂದಂಗಾಯ್ತು ಅಂತ ಜನ ಹೇಳಿಕೊಂಡರು, ಅಷ್ಟೇ. 2016ರಲ್ಲಿ ಸ್ವತಃ ಕಾರ್ನಿಯೇ ಈ ಪರಿಣಾಮ ನಿಜ ಅಂತ ನನಗೆ ಇನ್ನು ನಂಬಿಕೆ ಇಲ್ಲ ಅಂತ ಬಹಿರಂಗವಾಗಿ ಬರೆದರು. ಪ್ರಯೋಗ ಮಾಡಿದವರಲ್ಲೇ ಒಬ್ಬರು ಕೈಬಿಟ್ಟಿದ್ದನ್ನು ನಮ್ಮ ಭಾಷಣಕಾರರು ಇನ್ನೂ ಹಿಡಿದುಕೊಂಡು ಓಡಾಡ್ತಿದ್ದಾರೆ.

ಧೈರ್ಯ ಇದ್ದವರು ಕೆಲಸಕ್ಕೆ ಹೋಗ್ತಾರೆ ಅನ್ನೋದೇ ಉಲ್ಟಾ. ಕೆಲಸ ಮಾಡಿದವರಿಗೆ ಧೈರ್ಯ ಬರುತ್ತೆ. ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. 'ಇದು ನನ್ನ ಕೈಲಾಗುತ್ತೆ' ಅನ್ನೋ ನಂಬಿಕೆ ಎಲ್ಲಕ್ಕಿಂತ ಗಟ್ಟಿಯಾಗಿ ಬರೋದು ನಾವೇ ಒಂದು ಕೆಲಸ ಮಾಡಿ ಮುಗಿಸಿದಾಗ. ನಮ್ಮಂಥವರೇ ಇನ್ನೊಬ್ಬರು ಮಾಡಿದ್ದನ್ನು ನೋಡಿದಾಗಲೂ ಬರುತ್ತೆ. ಬಾಯಿಮಾತಿನ ಹುರಿದುಂಬಿಸುವಿಕೆಗೆ ಅಷ್ಟು ಕಸುವಿಲ್ಲ. ನಾವು ಮಕ್ಕಳಿಗೆ ಕೊಡೋದು ಮಾತ್ರ ಅದೇ, ಬಕೆಟ್‌ಗಟ್ಟಲೆ.

ಆ ಹುಡುಗಿಗೆ ನಾನು ಹೇಳಿದ್ದು ಬಹಳ ಸಪ್ಪೆ ಮಾತು. ಹೋಗೋ ಮುಂಚೆಯೇ ಮೇಲ್ ಹಾಕಿ ಕೇಳು: ಎಷ್ಟು ಹೊತ್ತಿಗೆ ಬರಲಿ, ಯಾರನ್ನು ಕಾಣಲಿ, ಏನು ತರಲಿ. ಕೆಲಸ ಕೊಟ್ಟ ಕೂಡಲೇ ತಲೆ ಆಡಿಸಬೇಡ. "ಅಂದ್ರೆ ಇದು ಹೀಗಿರ್ಬೇಕು, ಇಂಥ ದಿನಕ್ಕೆ ಬೇಕು, ಅಲ್ವಾ?" ಅಂತ ನಿನ್ನ ಮಾತಲ್ಲೇ ತಿರುಗಿ ಹೇಳು. ಅರ್ಧಕ್ಕರ್ಧ ಗೊಂದಲ ಅಲ್ಲೇ ಬಯಲಾಗುತ್ತೆ. ಎಷ್ಟೋ ಸಲ ಗೊಂದಲ ಇರೋದು ಹೇಳಿದವರ ತಲೆಯಲ್ಲೇ. ಹಿಂದೆ ಯಾರಾದರೂ ಇಂಥದ್ದು ಮಾಡಿದ್ದರೆ ಒಂದು ಮಾದರಿ ತೋರಿಸಿ ಅಂತ ಕೇಳು. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಬರೀ "ಬರ್ತಿಲ್ಲ" ಅನ್ನಬೇಡ. ಇದನ್ನು ನೋಡಿದೆ, ಅದನ್ನು ಮಾಡಿದೆ, ಇಲ್ಲಿ ನಿಂತಿದೆ ಅನ್ನು. ಇದೆಲ್ಲ ಮೊದಲನೇ ವಾರವೇ ಕೇಳು. ಆಗ ಯಾರೂ ಮುಖ ಸಿಂಡರಿಸಲ್ಲ. ಅದೇ ಪ್ರಶ್ನೆ ಕೊನೇ ವಾರ ಬಂದರೆ ನಾನೇ ಸಿಂಡರಿಸ್ತೀನಿ. ಇಷ್ಟಕ್ಕೆ ಎದೆ ಉಬ್ಬಿಸಬೇಕಾಗಿಲ್ಲ. ನಡುಗುವ ದನಿಯಲ್ಲೂ ಕೇಳಬಹುದು.

"ಆದ್ರೆ ಮೇಡಂ, ಚೆನ್ನಾಗಿ ಮಾತಾಡೋರನ್ನೇ ಎಲ್ಲರೂ ಗಮನಿಸ್ತಾರಲ್ಲ?" ಅಂತ ನೀವು ಕೇಳೇ ಕೇಳ್ತೀರಿ. ಗಮನಿಸ್ತಾರೆ, ನಿಜ. ಆ ಬೆಳಕು ಮೊದಲ ಫೈಲ್ ಕಳಿಸೋವರೆಗೆ. ಆಮೇಲೆ ಫೈಲ್ ಮಾತಾಡುತ್ತೆ.

ಇನ್ನು ಒಳಗಿನ ವಿಷಯ. ಇಷ್ಟು ವರ್ಷ ಆದಮೇಲೂ ಹೊಸ ಜನ ಇರೋ ಕೋಣೆಗೆ ಹೋಗುವಾಗ ನನ್ನ ಅಂಗೈ ಬೆವರುತ್ತೆ. ಬಾಗಿಲ ಹೊರಗೆ ನಿಂತು ನೋಟ್‌ಬುಕ್ ತೆಗೆದು, ಕೇಳಬೇಕಾದ ಮೊದಲನೇ ಪ್ರಶ್ನೆ ಓದಿಕೊಂಡೇ ಒಳಗೆ ಕಾಲಿಡೋದು. ಮಕ್ಕಳ ಮುಂದೆ ನಿಂತು "ಭಯ ಬಿಡಿ" ಅನ್ನೋಕೆ ನನಗೆ ನಾಲಿಗೆ ಏಳಲ್ಲ. ಭಯ ಇರಲಿ ಬಿಡಿ, ಅದು ಯಾರ ಕೆಲಸಕ್ಕೂ ಅಡ್ಡ ಬಂದಿಲ್ಲ.

ಅಡ್ಡ ಬರೋರು ನಾವು. ಹುಡುಗ ಬಂದ ದಿನ ಅವನಿಗೆ ಕೂರೋಕೆ ಜಾಗ ಇಲ್ಲ, ಲಾಗಿನ್ ಆಗಿಲ್ಲ, ಗೈಡ್ ರಜೆಯಲ್ಲಿ. "ಸುಮ್ನೆ ಅಬ್ಸರ್ವ್ ಮಾಡ್ತಿರು" ಅಂತೀವಿ. ಏನನ್ನು? ನಮ್ಮ ಬೆನ್ನನ್ನಾ? ಒಂದು ವಾರ ಹೀಗೆ ಕೂರಿಸಿ, ಕೊನೆಗೆ ಫೀಡ್‌ಬ್ಯಾಕ್ ಫಾರ್ಮ್‌ನಲ್ಲಿ 'ಆತ್ಮವಿಶ್ವಾಸದ ಕೊರತೆ ಇದೆ' ಅಂತ ಬರೆಯೋಕೆ ಕೈ ಹೇಗೆ ಬರುತ್ತೋ! ಮೊದಲ ದಿನವೇ ಮುಗಿಸಬಹುದಾದ ಒಂದು ಸಣ್ಣ ಕೆಲಸ ಕೊಡಿ, ಸಾಯಂಕಾಲ ನೋಡಿ ಸರಿಯೋ ತಪ್ಪೋ ಹೇಳಿ. ಎರಡನೇ ದಿನ ಬರುವ ಹುಡುಗನೇ ಬೇರೆ.

ಈ ಪೋಸ್ಟ್ ಓದ್ತಿರೋ ಮ್ಯಾನೇಜರ್ ಸಾಹೇಬರೇ, ಮುಂದಿನ ವಾರ ನಿಮ್ಮಲ್ಲಿಗೆ ಯಾರಾದರೂ ಇಂಟರ್ನ್ ಬರೋದಿದ್ದರೆ ಅವರ ಲಾಗಿನ್‌ಗೆ ಈಗಲೇ ರಿಕ್ವೆಸ್ಟ್ ಹಾಕಿ. ಹಾಕಿ ಬಂದು ಆಮೇಲೆ ಕಾಮೆಂಟ್‌ನಲ್ಲಿ ನನ್ನ ಜೊತೆ ಜಗಳ ಆಡಿ, ನಾನು ಇಲ್ಲೇ ಇರ್ತೀನಿ.