ಎದುರು ಕೂತವರಿಗೂ ಒಂದು ಸ್ಕ್ರೀನ್

"ಭಟ್ರೆ, ಅವ್ರ ಚಾಲಿ ಈ ರೇಟಿಗೆ ಹೋಗಿದ್ದಾ?"

ಈ ಪ್ರಶ್ನೆ ಕಿವಿಗೆ ಬಿದ್ದ ದಿನವೇ ನನಗೂ ನನ್ನ 34 ಇಂಚಿನ ಅಲ್ಟ್ರಾವೈಡ್ (ತೀರಾ ಅಗಲದ) ಮಾನಿಟರ್‌ಗೂ ಋಣ ಹರಿದಿತ್ತು. ಅದು ನನಗೆ ಗೊತ್ತಾಗಲಿಕ್ಕೆ ಮಾತ್ರ ಇನ್ನೂ ಏಳೆಂಟು ತಿಂಗಳು ಹಿಡಿಯಿತು.

ಕೇಳಿದವರು ಶಿರಸಿ ಎಪಿಎಂಸಿ ಯಾರ್ಡಿನ ಒಬ್ಬ ಅಡಿಕೆ ವ್ಯಾಪಾರಿ. ಚಾಲಿ ಎಂದರೆ ಬಿಸಿಲಿಗೆ ಒಣಗಿಸಿ ಸುಲಿದ ಅಡಿಕೆ. ಅವರ ಖರೀದಿ ಖಾತೆಗೂ, ಮಾರಿದವರು ಕೊಟ್ಟ ವಿವರದಿಂದ ಜಿಎಸ್‌ಟಿ ಪೋರ್ಟಲ್ ತಯಾರಿಸುವ ಪಟ್ಟಿಯಾದ ಜಿಎಸ್‌ಟಿಆರ್-2ಬಿಗೂ ತಾಳೆಯಾಗದೆ, ನೋಡೋಣ ಬನ್ನಿ ಎಂದು ಕುರ್ಚಿ ಪಕ್ಕಕ್ಕೆ ಎಳೆಸಿ ಕೂರಿಸಿಕೊಂಡಿದ್ದೆ. ಸ್ಕ್ರೀನಿನ ಎಡಗಡೆ ಅವರ ಲೆಕ್ಕ. ಬಲತುದಿಯಲ್ಲಿ, ಬೆಳಗ್ಗೆ ತೆರೆದು ಮುಚ್ಚಲು ನಾನು ಮರೆತಿದ್ದ ಇನ್ನೊಬ್ಬರ ಮಾರಾಟದ ಲೆಡ್ಜರ್. ಆ ಇನ್ನೊಬ್ಬರ ವಖಾರಿಗೂ ಇವರ ವಖಾರಿಗೂ ನಡುವೆ ಇರುವುದು ಒಂದೇ ಗೋಡೆ. ನಾನು ಎಡಗಡೆ ಬೆರಳಿಟ್ಟು ತೆರಿಗೆ ವಿವರಿಸುತ್ತಿದ್ದೇನೆ, ಇವರ ಕಣ್ಣು ಬಲಗಡೆ ಸಾಲಿನಿಂದ ಸಾಲಿಗೆ ಇಳಿಯುತ್ತಿದೆ. ಗಾಬರಿಯಲ್ಲಿ ನಾನು ಮುಚ್ಚಿದ್ದು ಇವರದೇ ಎಕ್ಸೆಲ್ ಫೈಲು. ಪಕ್ಕದ ವಖಾರಿಯವರ ಲೆಡ್ಜರ್ ಇನ್ನಷ್ಟು ಅಗಲವಾಗಿ ಕಾಣುತ್ತ ಹಾಗೇ ಉಳಿಯಿತು.

ತೆರಿಗೆ ಸಲಹೆಗಾರನ ಬದುಕಿನಲ್ಲಿ ಇದಕ್ಕಿಂತ ಮರ್ಯಾದೆಗೇಡಿನ ಅರ್ಧ ನಿಮಿಷ ಇರಲಿಕ್ಕಿಲ್ಲ.

ಮೊನ್ನೆ ದೇವಿಕೆರೆ ಹತ್ತಿರ ಪರಿಚಯದ ಹುಡುಗನೊಬ್ಬ ಸಿಕ್ಕಿದ್ದ. ಬೆಂಗಳೂರಿನ ಕಂಪನಿಯ ಕೆಲಸವನ್ನು ಊರಿನಲ್ಲೇ ಕೂತು ಮಾಡುತ್ತಾನೆ. "ಅಣ್ಣ, ಅಗಲದ್ದು ಒಂದು ತಗಳದೋ, ಸಣ್ಣವು ಎರಡು ತಗಳದೋ?" ಎಂದ. ರಸ್ತೆಯಲ್ಲಿ ನಿಂತು ಹೇಳಿ ಮುಗಿಯುವ ವಿಷಯವಲ್ಲ, ಫೇಸ್‌ಬುಕ್ಕಿನಲ್ಲಿ ಬರೆಯುತ್ತೇನೆ ಎಂದಿದ್ದೆ. ಅದಕ್ಕೇ ಇದು.

2024ರ ಮಾರ್ಚಿನಲ್ಲಿ ಮಾರಿಕಾಂಬೆ ಜಾತ್ರೆ, ಅದರ ಬೆನ್ನಿಗೇ ವರ್ಷದ ಕೊನೆಯ ಲೆಕ್ಕ. ಎರಡೂ ಮುಗಿಯುವ ಹೊತ್ತಿಗೆ ಕುತ್ತಿಗೆ ಹಿಡಿದುಕೊಂಡು, ಲ್ಯಾಪ್‌ಟಾಪಿನ 15 ಇಂಚಿನಲ್ಲಿ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಮತ್ತು ಜಿಎಸ್‌ಟಿ ಪೋರ್ಟಲ್ ನಡುವೆ ಆಲ್ಟ್-ಟ್ಯಾಬ್ ಒತ್ತಿ ಒತ್ತಿ ಸಾಕಾಗಿತ್ತು. ಯೂಟ್ಯೂಬಿನಲ್ಲಿ ಕಂಡ ಅಗಲದ ಸ್ಕ್ರೀನಿಗೆ ಮರುಳಾದೆ. ಮೂವತ್ತೈದು ಸಾವಿರ ಚಿಲ್ಲರೆ ಕೊಟ್ಟು ತರಿಸಿದೆ. ಮನೆಯಲ್ಲೇ ಪೆಟ್ಟಿಗೆ ಒಡೆದಾಗ ಆಯಿ ನೋಡಿ, "ಇದೆಂತದೋ ಅಪ್ಪಿ, ಅಡಿಕೆ ತಟ್ಟಿ ಇದ್ದಾಂಗಿದ್ದು!" ಎಂದಳು. ಹೋಲಿಕೆ ತಪ್ಪಲ್ಲ. 80 ಸೆಂಟಿಮೀಟರ್ ಅಗಲ, 33 ಸೆಂಟಿಮೀಟರ್ ಎತ್ತರ. ಎತ್ತರದಲ್ಲಿ ಸಾಮಾನ್ಯ 27 ಇಂಚಿನ ಮಾನಿಟರೇ, ಅದನ್ನು ಹಿಡಿದು ಪಕ್ಕಕ್ಕೆ ಮಾತ್ರ ಎಳೆದಂತೆ.

ತೆರಿಗೆಯವನಾಗಿ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆಗ 32 ಇಂಚಿನವರೆಗಿನ ಕಂಪ್ಯೂಟರ್ ಮಾನಿಟರ್‌ಗೆ ಜಿಎಸ್‌ಟಿ ಶೇ. 18, ಅದಕ್ಕಿಂತ ದೊಡ್ಡದಕ್ಕೆ ಶೇ. 28. ಅಂದರೆ 24 ಇಂಚಿನವು ಎರಡು ಕೊಂಡರೆ 18, ನನ್ನ 34ಕ್ಕೆ 28. ಬರೀ 2 ಇಂಚಿನ ಸಲುವಾಗಿ ಹತ್ತು ಪರ್ಸೆಂಟ್ ಹೆಚ್ಚು! 2025ರ ಸೆಪ್ಟೆಂಬರ್ 22ರಿಂದ ದೊಡ್ಡದಕ್ಕೂ 18 ಆಗಿದೆ, ಹಾಗಾಗಿ ಈಗ ಕೊಳ್ಳುವವರಿಗೆ ಈ ತಲೆಬಿಸಿ ಇಲ್ಲ. ನೋಂದಣಿ ಇದ್ದು ವ್ಯವಹಾರಕ್ಕೇ ಬಳಸುವವರು ಆ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ಟಾಗಿ, ಅಂದರೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆಯಲು, ತೆಗೆದುಕೊಳ್ಳಬಹುದು. ಹಾಗೆ ತೆಗೆದುಕೊಂಡ ಮೇಲೆ ಆ ತೆರಿಗೆಯ ಮೊತ್ತಕ್ಕೂ ಸವಕಳಿ (ಡಿಪ್ರಿಸಿಯೇಷನ್) ಹಾಕಬೇಡಿ. ಪ್ರತಿವರ್ಷ ಯಾರಾದರೂ ಒಬ್ಬರು ಹಾಕುತ್ತಾರೆ. ಸಂಬಳದ ಹುಡುಗರಿಗೆ ಎರಡೂ ಇಲ್ಲ ಬಿಡಿ.

ಶುರುವಿನ ದಿನಗಳಲ್ಲಿ ಸ್ವರ್ಗವೇ. ಟ್ಯಾಲಿ ಎಡಕ್ಕೆ, ಎಕ್ಸೆಲ್ ನಡುವೆ, ಪೋರ್ಟಲ್ ಬಲಕ್ಕೆ. ವಿಂಡೋಸ್ 11ರಲ್ಲಿ ವಿಂಡೋಸ್ ಕೀ ಜೊತೆ ಝಡ್ ಒತ್ತಿದರೆ ಸ್ಕ್ರೀನನ್ನು ಮೂರು ಪಾಲು ಮಾಡುವ ನಕ್ಷೆ ತಾನೇ ಬರುತ್ತದೆ. ಒಂದೇ ಎಕ್ಸೆಲ್ ಹಾಳೆಯನ್ನು ಉದ್ದಕ್ಕೆ ಹಾಸಿದರೆ ಏಪ್ರಿಲಿನಿಂದ ಮಾರ್ಚಿನವರೆಗೆ ಹನ್ನೆರಡು ತಿಂಗಳೂ ಅಕ್ಕಪಕ್ಕ. ಆ ನೋಟ ಚೆಂದವೇ, ಇಲ್ಲ ಎನ್ನಲಾರೆ.

ಆದರೆ ಚುಕ್ಕಿಗಳ (ಪಿಕ್ಸೆಲ್‌ಗಳ) ಲೆಕ್ಕದಲ್ಲಿ ನಾನು ಮೋಸ ಹೋಗಿದ್ದೆ. ನನ್ನದು 3440×1440, ಸುಮಾರು 49.5 ಲಕ್ಷ ಚುಕ್ಕಿ. ಫುಲ್ ಎಚ್‌ಡಿಯ (1920×1080) ಎರಡು 24 ಇಂಚು ಸೇರಿದರೆ 41.5 ಲಕ್ಷ. ಕಾಗದದ ಮೇಲೆ ಅಲ್ಟ್ರಾವೈಡ್ ಗೆದ್ದಿತು. ಎತ್ತರದಲ್ಲಿ 1080ರ ಬದಲು 1440, ಎಕ್ಸೆಲ್ಲಿನಲ್ಲಿ ಹದಿನೆಂಟು ಸಾಲು ಹೆಚ್ಚಿಗೆ ಕಾಣಬೇಕು. ಕಂಡವು ಕೂಡ, ಆದರೆ ಇರುವೆ ಸಾಲಿನ ಹಾಗೆ. ಚುಕ್ಕಿಗಳು ಒತ್ತೊತ್ತಾಗಿರುವುದರಿಂದ ಅದೇ ಅಕ್ಷರ 24 ಇಂಚಿನಲ್ಲಿ ಕಾಣುವುದಕ್ಕಿಂತ ಆರರಲ್ಲಿ ಒಂದು ಪಾಲು ಚಿಕ್ಕದು. ನನಗೆ ನಲವತ್ತೆಂಟು, ಚಾಳೀಸು ಬಂದು ಆರು ವರ್ಷ. ಅಕ್ಷರ ದೊಡ್ಡದು ಮಾಡುವ ಸ್ಕೇಲಿಂಗನ್ನು ಶೇ. 125ಕ್ಕೆ ಏರಿಸಿದೆ. ಈಗ ಎತ್ತರ 1440 ಅಲ್ಲ, ಲೆಕ್ಕಕ್ಕೆ 1152. ಹದಿನೆಂಟು ಸಾಲು ಹೋಗಿ ಮೂರೋ ನಾಲ್ಕೋ ಉಳಿದವು! ಕಣ್ಣು ಚೆನ್ನಾಗಿರುವ ಇಪ್ಪತ್ತೈದರ ಹುಡುಗರಿಗೆ ಈ ಮಾತು ಅನ್ವಯಿಸುವುದಿಲ್ಲ, ಅವರು ನನ್ನನ್ನು ನೋಡಿ ನಗಬಹುದು. ಕಡಿಮೆ ಬೆಲೆಯ 29 ಇಂಚಿನ ಅಲ್ಟ್ರಾವೈಡ್ ನೋಡುತ್ತಿದ್ದರೆ ಮಾತ್ರ ನಗುವ ಮೊದಲು ಅಗಲ ಓದಿ: ಅದು 2560×1080. ಎರಡು ಬೇರೆ ಸ್ಕ್ರೀನಿನ ಅಗಲ 3840. ಮೂರರಲ್ಲಿ ಒಂದು ಪಾಲು ಕೈಬಿಟ್ಟ ಹಾಗೆ.

ಆಮೇಲೆ ಶೇರಿಂಗ್. ಹುಬ್ಬಳ್ಳಿಯ ಸಿಎ ಒಬ್ಬರ ಜೊತೆ ವಾರಕ್ಕೆರಡು ಸಲ ವೀಡಿಯೊ ಕರೆ ಇರುತ್ತದೆ. ನಾನು ಸ್ಕ್ರೀನ್ ಶೇರ್ ಮಾಡಿದರೆ ಅವರು ಕಾರಿನಲ್ಲಿ ಕೂತು ಫೋನಿನಲ್ಲಿ ನೋಡುವವರು. "ಭಟ್ರೆ, ಒಂದು ಪಟ್ಟಿ ಕಾಣಿಸ್ತಾ ಇದೆ, ರೈಲು ಹಳಿ ಇದ್ದಂಗೆ. ಅಕ್ಷರ ಎಲ್ಲಿ?" ಶಿರಸಿಗೆ ಇಷ್ಟು ವರ್ಷವಾದರೂ ಬಾರದ ರೈಲು ನನ್ನ ಆಫೀಸಿಗೆ ಬಂದಿದೆ ಸಾರ್ ಎಂದು ನಕ್ಕು ಸುಮ್ಮನಾದೆ. ಇಡೀ ಸ್ಕ್ರೀನ್ ಬಿಟ್ಟು ಒಂದೇ ವಿಂಡೋ ಶೇರ್ ಮಾಡಿದರೆ ಸರಿಹೋಗುತ್ತದೆ, ಗೊತ್ತು. ಆದರೆ ನಮ್ಮ ಕೆಲಸವೇ ಒಂದು ವಿಂಡೋದಿಂದ ಇನ್ನೊಂದಕ್ಕೆ ಜಿಗಿಯುವುದು. ಜಿಗಿದಾಗೆಲ್ಲ ಶೇರ್ ನಿಲ್ಲಿಸಿ ಮತ್ತೆ ಶುರು ಮಾಡುತ್ತ ಕೂರಬೇಕು.

ಇಷ್ಟೆಲ್ಲ ಇದ್ದರೂ ಬದಲಿಸುವ ಮನಸ್ಸು ಬಂದಿರಲಿಲ್ಲ. ಚಾಲಿ ರೇಟಿನ ಪ್ರಸಂಗ ಆದ ಮೇಲೂ ನಾನು ಮಾಡಿದ್ದು ಬೈರಾಸು (ಟವೆಲ್) ತಂದು ಸ್ಕ್ರೀನಿನ ಬಲ ಅರ್ಧಕ್ಕೆ ಹೊದೆಸುವುದು. ನಿಜವಾಗಿ! ಯಾರಾದರೂ ಒಳಗೆ ಬಂದರೆ ಬೈರಾಸು ಇಳಿಯುತ್ತಿತ್ತು. "ಇದಕ್ಕೆಂತ ಜ್ವರ ಬಂದಿದ್ಯಾ?" ಎಂದು ಕೇಳಿದವರೂ ಇದ್ದಾರೆ.

2025ರ ಮೇ 19ರ ಸಂಜೆ ಗುಡುಗು ಸಿಡಿಲಿನ ಮಳೆ. ಮರುದಿನ 20, ಅಂದರೆ 3ಬಿ (ತಿಂಗಳ ಜಿಎಸ್‌ಟಿ ರಿಟರ್ನ್) ಸಲ್ಲಿಸಲು ಕೊನೆಯ ದಿನ. ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಯುಪಿಎಸ್ ಕುಂಯ್‌ಗುಟ್ಟಿತು. ಮಾನಿಟರ್ ಹಾಗೇ ಕಪ್ಪಾಗಿ ಕೂತಿತು, ಮತ್ತೆ ಏಳಲಿಲ್ಲ. ಹುಬ್ಬಳ್ಳಿಗೆ ನೂರು ಕಿಲೋಮೀಟರ್. ಅಲ್ಲಿಯ ಸರ್ವಿಸ್‌ನವರು ಫೋನಿನಲ್ಲೇ ಹೇಳಿದರು: ಪ್ಯಾನೆಲ್ಲಿಗೆ ಏನೂ ಆಗಿರಲಿಕ್ಕಿಲ್ಲ, ಒಳಗಿನ ಬೋರ್ಡ್ ಹೋಗಿದೆ, ತರಿಸಬೇಕು, ಮೂರು ವಾರ. ಆ ರಾತ್ರಿ ಮತ್ತೆ ಅದೇ ಹಳೆ 15 ಇಂಚು. ಜಿಎಸ್‌ಟಿ ಪೋರ್ಟಲ್ ಹದಿನೈದು ನಿಮಿಷ ಸುಮ್ಮನಿದ್ದರೆ ಹೊರಗೆ ಹಾಕುತ್ತದೆ. ನಾನು ಟ್ಯಾಲಿಗೆ ಹೋಗಿ ಬಿಲ್ಲು ಹುಡುಕಿ ಬರುವಷ್ಟರಲ್ಲಿ ಎರಡು ಸಲ ಹಾಕಿತು. ರಾತ್ರಿ ಹನ್ನೊಂದಕ್ಕೆ ರಿಟರ್ನ್ ಸಲ್ಲಿಸಲು ಬೇಕಾದ ಓಟಿಪಿ ಕೇಳಲು ಗಿರಾಕಿಗೆ ಫೋನು ಮಾಡಿ ಬೈಸಿಕೊಂಡೆ. ಎರಡಿದ್ದಿದ್ದರೆ ಒಂದು ಹೋದರೂ ಇನ್ನೊಂದು ಉಳಿಯುತ್ತಿತ್ತಲ್ಲ ಎನ್ನುವುದು ತಲೆಗೆ ಹೊಕ್ಕಿದ್ದು ಅವತ್ತು.

ಮನೆಯ ಮೆತ್ತಿನ ಮೇಲೆ ಹಳೆಯ 24 ಇಂಚಿನ ಮಾನಿಟರ್ ಒಂದು ಬಿದ್ದಿತ್ತು. ಧೂಳು ಒರೆಸಿ ತಂದೆ. ಇನ್ನೊಂದು ಹೊಸದು ಕೊಂಡೆ, ಈ ಸಲ ನೋಡಿಯೇ ಕೊಂಡೆ: ತಿರುಗಿಸಿ ನಿಲ್ಲಿಸಲಿಕ್ಕೆ ಬರುವ ಸ್ಟ್ಯಾಂಡ್ ಇರುವಂಥದ್ದು.

ಈಗ ಒಂದು ಮಲಗಿದೆ, ಒಂದು ನಿಂತಿದೆ. ಮಲಗಿದ್ದು ನನ್ನ ಮುಖದ ನೇರಕ್ಕೆ, ನಿಂತದ್ದು ಅದರ ಬಲಕ್ಕೆ ತುಸು ಓರೆಯಾಗಿ. ಎರಡನ್ನೂ ಮಲಗಿಸಿದರೆ 106 ಸೆಂಟಿಮೀಟರ್ ಬೇಕು. ಅಜ್ಜನ ಕಾಲದ ನಾಲ್ಕಡಿ ಹಲಸಿನ ಟೇಬಲ್ಲಿನಲ್ಲಿ ಆಮೇಲೆ ಚಹಾ ಲೋಟಕ್ಕೂ ಜಾಗ ಇರುವುದಿಲ್ಲ. ಒಂದನ್ನು ನಿಲ್ಲಿಸಿದರೆ 53 ಮತ್ತು 30, ಒಟ್ಟು 83. ಹೆಚ್ಚುಕಡಿಮೆ ಆ ಅಲ್ಟ್ರಾವೈಡಿನಷ್ಟೇ ಜಾಗ! ಎರಡು ವರ್ಷ ಮೊದಲೇ ಟೇಪು ಹಿಡಿದು ಅಳೆಯುವ ಬುದ್ಧಿ ಇರಬೇಕಿತ್ತು. ಎರಡನ್ನೂ ಮಲಗಿಸಿ ಸಮನಾಗಿ ಅಕ್ಕಪಕ್ಕ ಇಟ್ಟುಕೊಳ್ಳುವವರನ್ನು ನೋಡಿದ್ದೇನೆ. ನಡುವಿನ ಕಪ್ಪು ಗೆರೆ ಮೂಗಿನ ನೇರಕ್ಕೆ ಬರುತ್ತದೆ, ದಿನವಿಡೀ ಕುತ್ತಿಗೆ ಆ ಕಡೆ ಇಲ್ಲವೇ ಈ ಕಡೆ ಸೊಟ್ಟ. ಹಾಗೆ ಇಡುವುದಾದರೆ ಅಲ್ಟ್ರಾವೈಡೇ ಮೇಲು.

ನಿಂತ ಸ್ಕ್ರೀನಿನ ಸುಖ ಬೇರೆ. ಎ-4 ಹಾಳೆ ಅಲ್ಲಿ ಮೂಲಕ್ಕಿಂತ 1.4 ಪಟ್ಟು ದೊಡ್ಡದಾಗಿ, ಮೇಲಿಂದ ಕೆಳಗಿನವರೆಗೆ ಪೂರ್ತಿ ಕಾಣುತ್ತದೆ. ನೋಟಿಸು, ಬ್ಯಾಂಕ್ ಸ್ಟೇಟ್‌ಮೆಂಟು, ಸ್ಕ್ಯಾನ್ ಮಾಡಿದ ಅಡಿಕೆ ಪಟ್ಟಿ, ಎಲ್ಲ ಉದ್ದನೆಯ ಕಾಗದಗಳೇ. ಅಗಲದ ಸ್ಕ್ರೀನಿನಲ್ಲಿ ಇವನ್ನು ಓದುವಾಗ ಪಕ್ಕದಲ್ಲಿ ಜಾಗ ಹಾಳು, ಕೆಳಗೆ ಮಾತ್ರ ಸ್ಕ್ರೋಲ್. ಎರಡು ಸ್ಕ್ರೀನಿನ ಬಣ್ಣ ಒಂದೇ ಥರ ಇಲ್ಲ. ಹಳೆಯದು ಹಳದಿಗೆ ತಿರುಗಿದೆ, ಹೊಸದು ನೀಲಿ. ಫೋಟೊ ಕೆಲಸದವರಿಗೆ ಇದು ಆಗಿಬರುವುದಿಲ್ಲ. ನನಗೆ ಆ ಹಳದಿಯಿಂದ ಉಪಕಾರವೇ ಆಯಿತು, ಯಾವುದು ನನ್ನದು ಯಾವುದು ತೋರಿಸುವುದು ಎಂದು ನೋಡದೆಯೇ ಗೊತ್ತಾಗುತ್ತದೆ.

ಹೌದು, ತೋರಿಸುವುದು. ನಿಂತ ಸ್ಕ್ರೀನನ್ನು ಹಾಗೇ ತಿರುಗಿಸಿದರೆ ಎದುರು ಕುರ್ಚಿಗೆ ಮುಖ ಮಾಡುತ್ತದೆ. ನಾನು ಎಳೆದು ಅದರ ಮೇಲೆ ಹಾಕಿದ್ದಷ್ಟೇ ಅವರಿಗೆ ಕಾಣುವುದು. ಸೆಟ್ಟಿಂಗಿನಲ್ಲಿ ಡುಪ್ಲಿಕೇಟ್ (ಎರಡರಲ್ಲೂ ಒಂದೇ ಚಿತ್ರ) ಅಲ್ಲ, ಎರಡರಲ್ಲೂ ಬೇರೆ ಬೇರೆ ತೋರಿಸುವ ಎಕ್ಸ್‌ಟೆಂಡ್ ಇರಬೇಕು, ಮಲಗಿದ್ದನ್ನು ಮುಖ್ಯ ಸ್ಕ್ರೀನ್ ಮಾಡಿರಬೇಕು. ಆಗ ವಾಟ್ಸಾಪ್ ಮೆಸೇಜು ಇಣುಕಿದರೂ ನನ್ನ ಕಡೆ ಇಣುಕುತ್ತದೆ. ಅಲ್ಟ್ರಾವೈಡಿನಲ್ಲಿ ಅದು ಇಣುಕುತ್ತಿದ್ದದ್ದು ಬಲ ಮೂಲೆಯಲ್ಲಿ, ಸರಿಯಾಗಿ ಬಂದವರ ಕಣ್ಣೆದುರಿಗೆ. ಅಂಗಡಿಯ ಹುಡುಗ ಆಗಲಿ ಯೂಟ್ಯೂಬಿನವರಾಗಲಿ ಈ ಎದುರು ಕುರ್ಚಿಯ ವಿಷಯ ಎತ್ತಿದ್ದು ನಾನು ಕೇಳಿಲ್ಲ. ಅವರ ಲೆಕ್ಕದಲ್ಲಿ ಟೇಬಲ್ಲಿಗೆ ಒಬ್ಬನೇ ಮನುಷ್ಯ. ನಮ್ಮಲ್ಲಿ ಹಾಗಲ್ಲವಲ್ಲ! ವಕೀಲರು, ಡಾಕ್ಟರು, ಜೆರಾಕ್ಸ್ ಅಂಗಡಿ, ಪಹಣಿ ತೆಗೆದುಕೊಡುವವರು, ಎಲ್ಲರ ಟೇಬಲ್ಲಿಗೂ ಎರಡು ಬದಿ.

ಕೇಬಲ್ಲಿನ ವಿಷಯ ಚುಟುಕಾಗಿ. ಎರಡು ಮಾನಿಟರ್ ಎಂದರೆ ಲ್ಯಾಪ್‌ಟಾಪಿನಲ್ಲಿ ಎರಡು ದಾರಿ ಬೇಕು. ಎಚ್‌ಡಿಎಂಐ ಒಂದು ಇರುತ್ತದೆ. ಟೈಪ್-ಸಿ ತೂತು ಕಂಡ ಕೂಡಲೇ ನಂಬಬೇಡಿ, ಕೆಲವು ಬರೀ ಡೇಟಾ ಮತ್ತು ಚಾರ್ಜಿಗೆ; ಚಿತ್ರ ಕಳಿಸಬಲ್ಲದೇ ಎಂದು ಕೇಳಿ ಕೊಳ್ಳಿ. ಎಂ1, ಎಂ2 ಮ್ಯಾಕ್‌ಬುಕ್ ಏರ್ ಇದ್ದವರಿಗೆ ಆಪಲ್ ಕೊಟ್ಟಿರುವುದೇ ಹೊರಗಿನ ಒಂದು ಸ್ಕ್ರೀನಿನ ಅವಕಾಶ. ಅವರು ಅಲ್ಟ್ರಾವೈಡ್ ಕೊಳ್ಳುವುದು ಸರಿಯೇ. ದೇವಿಕೆರೆ ಹುಡುಗನ ಕಂಪನಿ ಕೊಟ್ಟಿರುವುದು ಯಾವ ಲ್ಯಾಪ್‌ಟಾಪ್ ಎಂದು ಕೇಳಲು ಮರೆತೆ. ಅದನ್ನು ಮೊದಲು ನೋಡು ಮಾರಾಯಾ.

ಬೋರ್ಡು ಬದಲಾಗಿ ಬಂದ ಅಲ್ಟ್ರಾವೈಡ್ ಈಗ ಕುಮಟೆಯಲ್ಲಿ ಅಕ್ಕನ ಮಗನ ಹತ್ತಿರ ಇದೆ. ಅವನು ಯಕ್ಷಗಾನದ ವೀಡಿಯೊ ಎಡಿಟ್ ಮಾಡುತ್ತಾನೆ. ರಾತ್ರಿಯಿಡೀ ನಡೆದ ಆಟದ ಟೈಮ್‌ಲೈನ್ ಅಡ್ಡಕ್ಕೆ ಎಷ್ಟು ಉದ್ದ ಸಿಕ್ಕರೂ ಸಾಲದು, ನಡುವೆ ಗೆರೆ ಬಂದರೆ ಅವನಿಗೆ ಕೋಪ. ಕಂಬಳಿ ಸುತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ದೇವಿಮನೆ ಘಟ್ಟದ ಒಂದೊಂದು ತಿರುವಿಗೂ ಹಿಂದೆ ನೋಡುತ್ತ ಇಳಿಸಿಕೊಂಡು ಹೋಗಿ ಕೊಟ್ಟುಬಂದೆ. ಹೋಗುವಾಗ ಸ್ವಲ್ಪ ಬೇಜಾರಾಗಿದ್ದು ಸುಳ್ಳಲ್ಲ.

ಚಾಲಿ ರೇಟಿನ ವ್ಯಾಪಾರಿ ಮೊನ್ನೆ ಹದಿನಾರಕ್ಕೆ ಬಂದಿದ್ದರು. ಈಗ ಎದುರು ಕುರ್ಚಿಯಲ್ಲೇ ಕೂರುತ್ತಾರೆ. ನಾನು ತಿರುಗಿಸುವ ಮೊದಲೇ ನಿಂತ ಸ್ಕ್ರೀನಿಗೆ ಕೈಹಾಕಿ ತಮ್ಮ ಕಡೆ ಎಳೆದುಕೊಂಡರು. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿ ಹಾಕಿಕೊಂಡು, ತಮ್ಮ ಖರೀದಿಯ ಸಾಲುಗಳನ್ನು ಬೆರಳಿಟ್ಟು ಒಂದೊಂದಾಗಿ ಓದಿದರು. ಕೊನೆಯ ಸಾಲು ಮುಗಿದ ಮೇಲೆ ಸ್ಕ್ರೀನಿನ ಹಿಂಬದಿಗೊಮ್ಮೆ ಬಗ್ಗಿ ನೋಡಿ ಕೇಳಿದರು:

"ಭಟ್ರೆ, ಆ ಅಗಲದ್ದು ಎಲ್ಲೋಯ್ತು? ಅದೇ ಒಳ್ಳೇದಿತ್ತು."