ಜೋಗ ಕೇಳಿ ಬಂದವರು

ಡಿಸೆಂಬರ್ ರಜೆಗೆ ಬೀದರಿಗೆ ಬಂದಾಗ ಅಕ್ಕನ ಮಗ ಶಾಲೆ ಟೂರು ಮುಗಿಸಿ ಆಗಷ್ಟೇ ಮನೆ ಸೇರಿದ್ದ. ಒಂಬತ್ತನೇ ಕ್ಲಾಸು. 4 ದಿನ, 11 ಜಾಗ. "ಏನೇನ್ ನೋಡಿದ್ಯೋ?" ಅಂದೆ. "ಭಾಳ ನೋಡೀವಿ ಮಾಮಾ. ಯಾವ್ದು ಯಾವ ಊರಾಗ ಅದ ನೆನಪಿಲ್ಲ" ಅಂತ ಮೊಬೈಲ್ ತೋರಿಸಿದ. ಎಲ್ಲ ಫೋಟೋದಲ್ಲೂ ಅವನೇ. ಹಿಂದೆ ಯಾವುದೋ ಗೋಪುರದ ಒಂದು ಮೂಲೆ.

ನಗೋಕೆ ನನಗೂ ಮುಖವಿಲ್ಲ. ನಮ್ಮ ಕಾಲದ ಟೂರಿನಲ್ಲಿ ಜೋಗ ಮುಟ್ಟುವಾಗ ರಾತ್ರಿಯಾಗಿತ್ತು. ಕತ್ತಲಲ್ಲಿ ನಿಂತು ಸಪ್ಪಳ ಕೇಳಿದೆವು. "ಜೋಗ ಆಯ್ತು, ಬಸ್ ಹತ್ರಿ" ಅಂದರು ಮಾಸ್ತರರು. ಎಲ್ಲರೂ ಜೋಗ ನೋಡಿದ್ದರೆ ನಾನು ಜೋಗ ಕೇಳಿದವನು.

ಈಗ ನಾನಿರುವುದು ಟೆಕ್ಸಾಸಿನಲ್ಲಿ. ಕಳೆದ ಬೇಸಿಗೆಯಲ್ಲಿ ಮಗಳ ಶಾಲೆಯ ಜೀವಶಾಸ್ತ್ರದ ಮಕ್ಕಳು ಮಧ್ಯ ಅಮೆರಿಕದ ಕೋಸ್ಟಾ ರಿಕಾಗೆ ಹೊರಟರು. ಕಾವಲಿಗೆ ಹೋದ ಪಾಲಕರಲ್ಲಿ ನಾನೂ ಒಬ್ಬ. 10 ದಿನಕ್ಕೆ ಮೂರೇ ಜಾಗ! ಪಟ್ಟಿ ನೋಡಿ, ಕೊಟ್ಟ ದುಡ್ಡಿಗೆ ಇಷ್ಟೇನಾ ಅನಿಸಿತ್ತು. ಹಳೇ ಚಾಳಿ.

ಮಾಂಟೆವರ್ಡೆ ಅನ್ನುವುದು ಮೋಡದ ಕಾಡು. ಮಳೆ ಇಲ್ಲದಿದ್ದರೂ ಎಲೆಗಳು ತೊಟ್ಟಿಕ್ಕುತ್ತವೆ, ಮೋಡವೇ ಗಿಡಗಳ ನಡುವೆ ಹಾದು ಹೋಗುತ್ತಿರುತ್ತದೆ. ಅಲ್ಲಿಗೆ ಹತ್ತುವ ಮೊದಲು ಗೈಡ್ ಒಂದು ಇರುವೆ ಸಾಲಿನ ಮುಂದೆ ಎಲ್ಲರನ್ನೂ ಕೂರಿಸಿದ. ಮುಕ್ಕಾಲು ಗಂಟೆ. ಉಗುರಿನಷ್ಟು ಎಲೆ ಚೂರು ಎತ್ತಿಕೊಂಡು, ಜಾತ್ರೆಯಲ್ಲಿ ಕೊಡೆ ಹಿಡಿದು ಹೊರಟವರ ಹಾಗೆ ಇರುವೆಗಳು. ಮೊದಲ ಹತ್ತು ನಿಮಿಷ ಮಕ್ಕಳು ಚಡಪಡಿಸಿದರು, ನಾನು ಇನ್ನೂ ಜಾಸ್ತಿ. ಆಮೇಲೆ ಒಬ್ಬಳಿಗೆ ಕಂಡಿತು: ಎಲೆ ಚೂರಿನ ಮೇಲೆ ಇನ್ನೊಂದು ಪುಟ್ಟ ಇರುವೆ ಕೂತಿದೆ. ಪುಕ್ಕಟೆ ಸವಾರಿ ಅಂದುಕೊಂಡೆವು. ಅಲ್ಲವಂತೆ. ಹೊರೆ ಹೊತ್ತವಳ ಮೈಯಲ್ಲಿ ಮೊಟ್ಟೆ ಇಡಲು ಒಂದು ಜಾತಿ ನೊಣ ಬರುತ್ತದೆ, ಅದನ್ನು ಓಡಿಸುವ ಕಾವಲು ಅದು. ಆ ಎಲೆಯನ್ನು ಇರುವೆಗಳು ತಿನ್ನುವುದಕ್ಕೂ ಒಯ್ಯುವುದಿಲ್ಲ. ಗೂಡಿನೊಳಗೆ ಅದರ ಮೇಲೆ ಶಿಲೀಂಧ್ರ ಬೆಳೆಸಿ ಅದನ್ನು ತಿನ್ನುತ್ತವೆ. ಥೇಟ್ ಒಕ್ಕಲುತನ.

ಕೋಸ್ಟಾ ರಿಕಾ 1948ರಲ್ಲಿ ಸೈನ್ಯವನ್ನೇ ತೆಗೆದುಹಾಕಿದ ದೇಶ. ಯುದ್ಧ ಒಲ್ಲೆವೆಂದ ಕ್ವೇಕರ್ ಎಂಬ ಕ್ರೈಸ್ತ ಪಂಥದ ಕೆಲವು ಅಮೆರಿಕನ್ ಕುಟುಂಬಗಳು 1951ರಲ್ಲಿ ಮಾಂಟೆವರ್ಡೆಗೆ ಬಂದು, ಹಸು ಸಾಕಿ ಚೀಸ್ ಮಾಡತೊಡಗಿದವು. ನೀರಿನ ಸೆಲೆ ಬತ್ತಬಾರದೆಂದು ಗುಡ್ಡದ ತುದಿಯ ಕಾಡನ್ನು ಮಾತ್ರ ಕಡಿಯದೆ ಬಿಟ್ಟವು. ಮಕ್ಕಳ ತಲೆಯಲ್ಲಿ ಉಳಿದದ್ದು ಈ ನೀರಿನ ಮಾತು.

ಹಾಗಂತ ಅಮೆರಿಕದವರ ಟೂರಿನದ್ದೆಲ್ಲ ಚೆಂದ ಅಂತಲ್ಲ. ಹೊರಡುವ ಮೊದಲು ಫಾರ್ಮುಗಳಿಗೆ ಸಹಿ ಹಾಕಿ ಕೈ ಸೋತಿತು. ಬಸ್ಸಿನಲ್ಲಿ ಎಲ್ಲರ ಕಿವಿಯಲ್ಲೂ ಇಯರ್‌ಫೋನ್. ಅಲರ್ಜಿ ಭಯಕ್ಕೆ ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ನಮ್ಮ ಕಾಲದ ಬಸ್ಸಿನಲ್ಲಿ ಅಂತ್ಯಾಕ್ಷರಿ, ಒಬ್ಬನ ಮನೆಯ ಖಡಕ್ ರೊಟ್ಟಿ, ಇನ್ನೊಬ್ಬನ ಶೇಂಗಾ ಹಿಂಡಿ. ವಾಂತಿ ಮಾಡಿಕೊಂಡವನ ಬೆನ್ನು ಸವರುತ್ತ ರಾತ್ರಿಯಿಡೀ ಕೂತಿದ್ದವರು ಅದೇ ಮಾಸ್ತರರು. ಬಸ್ಸಿನೊಳಗಿನ ಟೂರು ನಮ್ಮದೇ ಚಲೋ, ಇಳಿದ ಮೇಲೆ ಅವರದ್ದು.

ಅದಕ್ಕೇ ನಾನು ಹೇಳೋದು, 11 ಜಾಗದಲ್ಲಿ ಎಂಟನ್ನು ಸುಮ್ನೆ ಬಿಟ್ಟುಬಿಡಿ. ಉಳಿದ ದುಡ್ಡಲ್ಲಿ ಒಂದು ದಿನ ನಮ್ಮೂರಲ್ಲೇ ಟೂರು ಮಾಡಿಸಿ. "ಅಪ್ಪಾ, ಬೀದರ್ ಕೂಡ ಕೋಸ್ಟಾ ರಿಕಾ ಹಾಗೆ ಉಷ್ಣವಲಯದಲ್ಲೇ ಇದೆ ಅಲ್ವಾ?" ಅಂತ ಮಗಳು ಕೇಳಿದ್ದಳು. ಹೌದಲ್ಲ! ಅಳಿಯನನ್ನು ಕೇಳಿದರೆ, "ಇಲ್ಲೇನದ ಮಾಮಾ? ಕೋಟೆ ಅದ" ಅಂದ.

ಮರುದಿನ ಇಬ್ಬರನ್ನೂ ನೌಬಾದಿನ ಸುರಂಗ ಬಾವಿಗೆ ಕರೆದುಕೊಂಡು ಹೋದೆ. ಬಹಮನಿ ಸುಲ್ತಾನರ ಕಾಲದ್ದು, 15ನೇ ಶತಮಾನದ್ದು. ಅಳಿಯ ಆ ರಸ್ತೆಯಲ್ಲಿ ಎಷ್ಟು ಸಲ ಓಡಾಡಿದ್ದಾನೋ, ಒಮ್ಮೆಯೂ ಇಳಿದಿರಲಿಲ್ಲ. ಬೀದರಿನ ಕೆಂಪು ಕಲ್ಲು ಮಳೆ ನೀರು ಕುಡಿಯುತ್ತದೆ, ಅದರಡಿಯ ಕಪ್ಪು ಕಲ್ಲು ಅದನ್ನು ಕೆಳಗೆ ಇಳಿಯಲು ಬಿಡುವುದಿಲ್ಲ. ನೆಲದೊಳಗಿನ ಆ ನೀರಿಗೆ ಸುರಂಗ ಕೊರೆದು, ಇಳಿಜಾರಿನಲ್ಲಿ ತಾನಾಗೇ ಹರಿಯುವ ಹಾಗೆ ಮಾಡಿದ್ದಾರೆ. ಗಾಳಿ ಬೆಳಕಿಗೆ ಮೇಲಿಂದ 21 ಬಾವಿಗಳು. ಗುಡ್ಡದ ಮೇಲೆ ಕಾಡು ಬಿಟ್ಟವರ ಕತೆಯನ್ನು ಮಗಳು ಅವನಿಗೆ ಹೇಳುತ್ತ ನಡೆದಳು. ಅವನು ಬಾವಿ ಎಣಿಸುತ್ತ ಹೋದ, ಪ್ರತಿಯೊಂದರಲ್ಲೂ ಇಣುಕಿ.

ಒಂಬತ್ತು ಎಣಿಸುವಷ್ಟರಲ್ಲಿ ಅಕ್ಕನ ಫೋನ್ ಬಂತು, ಊಟಕ್ಕೆ ಬನ್ನಿ ಅಂತ. ನಾನು ಕಾರಿನತ್ತ ತಿರುಗಿದೆ. "ಇನ್ನಾ ಹನ್ನೆರಡು ಅವ ಮಾಮಾ" ಅಂದ.