ಬರೀ ‘ಐಡಿ’ ಸಾಕೇ, ‘ಕಸ್ಟಮರ್_ಐಡಿ’ ಬೇಕೇ?

ಪರ: ‘ಐಡಿ’ ಸಾಕು

ಡೇಟಾಬೇಸಿನಲ್ಲಿ ಗ್ರಾಹಕರ ಟೇಬಲ್ಲಿನ ಹೆಸರೇ ಕಸ್ಟಮರ್. ಅದರ ಪ್ರೈಮರಿ ಕೀಗೆ, ಅಂದರೆ ಪ್ರತಿ ಸಾಲನ್ನೂ ಗುರುತಿಸುವ ಕಾಲಂಗೆ, ಮತ್ತೆ ಕಸ್ಟಮರ್_ಐಡಿ ಅಂತ ಯಾಕೆ? ಕ್ವೆರಿ (ಡೇಟಾಬೇಸಿಗೆ ಕೊಡುವ ಆದೇಶ) ಬರೆಯುವಾಗ ಕಾಲಂ ಹಿಂದೆ ಟೇಬಲ್ ಹೆಸರನ್ನೋ ಅದರ ಅಡ್ಡಹೆಸರಾದ ಅಲಿಯಾಸನ್ನೋ ಹೇಗೂ ಹಾಕುತ್ತೇವೆ. ‘ಕಸ್ಟಮರ್ ಡಾಟ್ ಐಡಿ’ ಅಂದರೆ ಯಾರಿಗೂ ಗೊಂದಲವಾಗುವುದಿಲ್ಲ. ವೆಬ್ ಆ್ಯಪ್ ಕಟ್ಟಲು ಬಳಸುವ ರೈಲ್ಸ್ ಮತ್ತು ಜಾಂಗೋ ಫ್ರೇಮ್‌ವರ್ಕ್‌ಗಳು ಕೂಡ, ನಾವು ಬೇರೆ ಹೇಳದಿದ್ದರೆ, ‘ಐಡಿ’ ಅಂತಲೇ ಹೆಸರಿಡುತ್ತವೆ. ಅದನ್ನು ಬದಲಿಸಲು ಸುಮ್ನೆ ಒಂದು ಸಾಲಾದರೂ ಜಾಸ್ತಿ ಬರೆಯಬೇಕು.

ಎರಡೂ ಟೇಬಲ್ಲಲ್ಲಿ ಕಾಲಂಗೆ ಒಂದೇ ಹೆಸರಿದ್ದರೆ, ಆ ಹೆಸರನ್ನು ಒಂದೇ ಸಲ ಬರೆದು ‘ಯೂಸಿಂಗ್’ ಹಾಕಿ ಜಾಯಿನ್ ಮಾಡಬಹುದು (ಎರಡರ ಸಾಲುಗಳನ್ನು ಜೋಡಿಸಬಹುದು) ಅಂತ ಪೂರ್ತಿ ಹೆಸರು ಬೇಕೆನ್ನುವವರು ಹೇಳುತ್ತಾರೆ. ಬಸ್ ಟಿಕೆಟ್ಟಿನ ಟೇಬಲ್ ನೋಡಿ. ಹತ್ತುವ ಊರು, ಇಳಿಯುವ ಊರು ಎರಡೂ ಊರಿನ ಟೇಬಲ್ಲನ್ನೇ ತೋರಿಸುತ್ತವೆ. ಎರಡಕ್ಕೂ ಊರು_ಐಡಿ ಅಂತ ಹೆಸರಿಡಲು ಆಗುವುದಿಲ್ಲ. ಅಲ್ಲಿ ‘ಯೂಸಿಂಗ್’ ಕೈಕೊಡುತ್ತದೆ.

ವಿರೋಧ: ಪೂರ್ತಿ ಹೆಸರು ಬೇಕು

ಒಮ್ಮೆ, ಮುಚ್ಚಿದ ಖಾತೆಗಳ ಆರ್ಡರ್‌ಗಳನ್ನು ಅಳಿಸಬೇಕಿತ್ತು. ಆರ್ಡರ್ ಟೇಬಲ್ಲಿನ ಕಸ್ಟಮರ್_ಐಡಿ, ಮುಚ್ಚಿದ ಖಾತೆಗಳ ಟೇಬಲ್ಲಿನ ಕಸ್ಟಮರ್_ಐಡಿಗಳಲ್ಲಿ ಇದ್ದರೆ ಆ ಸಾಲನ್ನು ಅಳಿಸು ಅಂತ ಬರೆದೆ. ಆ ಎರಡನೇ ಟೇಬಲ್ಲಿನಲ್ಲಿ ಕಸ್ಟಮರ್_ಐಡಿ ಇರಲೇ ಇಲ್ಲ, ಬರೀ ‘ಐಡಿ’ ಇತ್ತು. ಎರರ್ ಬರಬೇಕಿತ್ತು ಅಲ್ವಾ? ಬರಲಿಲ್ಲ. ಎರಡನೇ ಟೇಬಲ್ಲಿನಿಂದ ಐಡಿಗಳನ್ನು ತರುವ ಒಳಗಿನ ಕ್ವೆರಿಯಲ್ಲಿ ಆ ಕಾಲಂ ಸಿಗದಿದ್ದರೆ ಎಸ್‌ಕ್ಯೂಎಲ್ (ಕ್ವೆರಿ ಬರೆಯುವ ಭಾಷೆ) ಹೊರಗಿನ ಟೇಬಲ್ಲಿನಲ್ಲಿ ಹುಡುಕುತ್ತದೆ. ಅಲ್ಲಿ ಆರ್ಡರ್‌ನ ಕಸ್ಟಮರ್_ಐಡಿ ಸಿಕ್ಕಿತು. ಪ್ರತಿ ಸಾಲೂ ತನ್ನನ್ನು ತನಗೇ ಹೋಲಿಸಿಕೊಂಡಿತು. ಗ್ರಾಹಕರ ಸಂಖ್ಯೆ ಇದ್ದ ಆರ್ಡರ್‌ಗಳೆಲ್ಲ ಅಳಿಸಿಹೋದವು. ಅದು ಟೆಸ್ಟ್ ಡೇಟಾಬೇಸ್ ಆಗಿತ್ತು, ಬಚಾವಾದೆ. ಅಲಿಯಾಸ್ ಹಾಕಿದ್ದರೆ ಎರರ್ ಬರುತ್ತಿತ್ತು, ನಿಜ. ಆದರೆ ಅವಸರದಲ್ಲಿ ಅಲಿಯಾಸ್ ಬಿಡುವವರು ನಾನೊಬ್ಬನೇ ಅಲ್ಲ. ಕಾಲಂಗೆ ಪೂರ್ತಿ ಹೆಸರಿದ್ದಿದ್ದರೆ ಅದೇ ಕ್ವೆರಿ ಸರಿಯಾಗಿ ಕೆಲಸ ಮಾಡುತ್ತಿತ್ತು.

ಜಾಯಿನ್‌ನಲ್ಲೂ ಇದೇ ಕಥೆ. ಆರ್ಡರ್‌ನ ಐಡಿಯನ್ನು ಕಸ್ಟಮರ್‌ನ ಐಡಿಗೆ ತಪ್ಪಿ ಜೋಡಿಸಿದರೂ ಸಾಲುಗಳು ಬರುತ್ತವೆ. ಸಾಮಾನ್ಯವಾಗಿ ಎರಡೂ ಟೇಬಲ್ 1, 2, 3 ಅಂತಲೇ ಶುರುವಾಗುತ್ತವಲ್ಲ! ವರದಿ ನೋಡಿದವರಿಗೆ ಅನುಮಾನವೇ ಬರುವುದಿಲ್ಲ. ಆರ್ಡರ್_ಐಡಿ ಸಮ ಕಸ್ಟಮರ್_ಐಡಿ ಅಂತ ಬರೆದಿದ್ದರೆ ಓದುವಾಗಲೇ ಕಣ್ಣಿಗೆ ಚುಚ್ಚುತ್ತದೆ.

ಬಸ್ ಟಿಕೆಟ್ಟಿನಲ್ಲಿ ‘ಯೂಸಿಂಗ್’ ಬಳಸಲು ಆಗುವುದಿಲ್ಲ, ಒಪ್ಪುತ್ತೇನೆ. ಅಲ್ಲಿ ಹತ್ತುವ_ಊರು_ಐಡಿ, ಇಳಿಯುವ_ಊರು_ಐಡಿ ಅಂತ ಇಡುತ್ತೇನೆ. ಊರಿನ ಟೇಬಲ್ಲಿನಲ್ಲಿ ಊರು_ಐಡಿ ಇದ್ದರೆ ಜಾಯಿನ್‌ನ ಎರಡೂ ಬದಿಯ ಹೆಸರಿನ ಕೊನೆ ಹೊಂದುತ್ತದೆ.